ಪರೀಕ್ಷೆಗೆ ಇಟ್ಟ ಕೂಸು

ವನಜಾ ಹತ್ತು ಹೆಜ್ಜೆ ಓಡಿದರೆ ಹನ್ನೊಂದನೆಯದಕ್ಕೆ ಕುಕ್ಕರಗಾಲಲ್ಲಿ ಕುಳಿತುಬಿಡುತ್ತಿದ್ದಳು. ಮಂಡಿಗಳನ್ನು ಎದೆಗೆ ಒತ್ತಿಕೊಂಡು ಬಾಯಿ ತೆರೆದು ಉಸಿರು ಎಳೆಯುತ್ತಿದ್ದಳು. ತುಟಿ, ಉಗುರು ನೀಲಿಗಟ್ಟುತ್ತಿದ್ದವು. ಹೈದರಾಬಾದಿನ ಸನತ್‌ನಗರದ ಗುಡಿಸಲು ಸಾಲಿನ ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದರು. ಅವಳನ್ನು ಅಟ್ಟಿಸಿಕೊಂಡು ಹೋಗಿ, ಕುಳಿತ ಕೂಡಲೇ ಚಪ್ಪಾಳೆ ತಟ್ಟುತ್ತಿದ್ದರು. ಅವಳೂ ನಗುತ್ತಿದ್ದಳು. ನಗಲು ಉಸಿರು ಸಾಲುತ್ತಿರಲಿಲ್ಲ.

ತಾಯಿ ಶರಣಬಸಮ್ಮ ಎರಕದ ಕಾರ್ಖಾನೆಯಲ್ಲಿ ಮರಳು ಹೊರುತ್ತಿದ್ದಳು. ಕಾಕಂಬಿ, ಕಲ್ಲಿದ್ದಲ ಪುಡಿ ಬೆರೆಸಿದ ಕರಿ ಮರಳು. ಅದನ್ನು ಬಾಂಡ್ಲಿಯಲ್ಲಿ ತುಂಬಿ ತಲೆಯ ಮೇಲಿಟ್ಟುಕೊಂಡು ಅಚ್ಚು ಮಾಡುವವರ ಮುಂದೆ ಸುರಿಯಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅದೇ. ವನಜಾ ಹೊಟ್ಟೆಯಲ್ಲಿದ್ದಾಗಲೂ ಹೊತ್ತಿದ್ದಳು. ಹೆರಿಗೆಗೆ ಮೂರು ದಿನ ಇರುವವರೆಗೂ ಹೊತ್ತಿದ್ದಳು. ಗಂಡ ಶಾಂತಪ್ಪ ಅದೇ ಕಾರ್ಖಾನೆಯ ಭಟ್ಟಿಯಲ್ಲಿ ಕರಗಿದ ಕಬ್ಬಿಣ ಎತ್ತುವವನು. ಕಾಲ ಮೇಲೆ ಕಬ್ಬಿಣ ಬಿದ್ದು ಎಡಪಾದದ ಮೂರು ಬೆರಳು ಹೋಗಿದ್ದವು. ಆಮೇಲೆ ಗುತ್ತೇದಾರ ಅವನನ್ನು ಯಾರಾದರೂ ಬಾರದ ದಿನ ಮಾತ್ರ ಕರೆಯುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಸೇಡಂ ಕಡೆಯವರು. ಊರಲ್ಲಿ ಹೊರಗೇರಿಯವರು. ಇಲ್ಲಿ ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದವರು.

ಕೂಸಿದ್ದಾಗ ವನಜಾ ಮೊಲೆ ಕಚ್ಚಿ ನಾಲ್ಕು ಗುಟುಕಿಗೇ ಬಿಟ್ಟುಬಿಡುತ್ತಿದ್ದಳು. ಹಣೆಯ ಮೇಲೆ ಬೆವರು. ಓಣಿಯ ಡಾಕ್ಟರು ಅಶಕ್ತಿ ಅಂದ, ಟಾನಿಕ್ಕು ಬರೆದ. ಅತ್ತೆ ಊರಿಂದ ಬಂದು ದೃಷ್ಟಿ ತೆಗೆದಳು. ಶಾಲೆಯ ಮಾಸ್ತರ ಎರಡನೆಯ ದಿನವೇ ಮನೆಗೆ ಕಳಿಸಿದ. ‘ಏನಾದ್ರೂ ಆದ್ರ ನನ್ನ ತಲಿ ಮ್ಯಾಲ ಬರ್ತದ’ ಎಂದ. ದೊಡ್ಡ ಸರ್ಕಾರಿ ದವಾಖಾನೆಗೆ ಹೋಗುವಷ್ಟರಲ್ಲಿ ವನಜಾಗೆ ಐದು ತುಂಬಿತ್ತು. ಅಲ್ಲಿಗೆ ಹೋಗುವುದೆಂದರೆ ಎರಡು ಬಸ್ಸು, ಒಂಬತ್ತರೊಳಗೆ ಚೀಟಿ, ಒಂದು ಹಾಜರಿ ಖೋತಾ. ಮೂರು ಸಲ ಸತತ ಖೋತಾ ಆದರೆ ಬಾಂಡ್ಲಿ ಇನ್ನೊಬ್ಬಳ ತಲೆಯ ಮೇಲೆ.

ದವಾಖಾನೆಯಲ್ಲಿ ನರಹರಿ ಸಿಕ್ಕ. ಧಾರವಾಡ ಕಡೆಯ ಹುಡುಗ ಡಾಕ್ಟರು, ಇನ್ನೂ ಮುಂದಿನ ಓದು ಓದುತ್ತಿದ್ದವನು. ಶರಣಬಸಮ್ಮ ಮಗಳನ್ನು ಕನ್ನಡದಲ್ಲಿ ಸಮಾಧಾನ ಮಾಡುವುದು ಕೇಳಿ ಹತ್ತಿರ ಬಂದ. ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದ.

“ಹುಟ್ಟಾ ಬಂದಿದ್ದು ಇದು. ಎದ್ಯಾಗ ತೂತು ಐತಿ, ಫುಪ್ಪುಸಕ್ಕ ರಕ್ತ ಹೋಗೋ ನಾಳ ಸಣ್ಣದೈತಿ. ಆಪರೇಶನ್ ಆಗಬೇಕು. ಇಷ್ಟ ದಿನ ಏನ್ ಮಾಡಾಕತ್ತಿದ್ದಿ?”

“ಮರಳು ಹೊರಾಕತ್ತಿದ್ನಿರಿ,” ಎಂದಳು ಶರಣಬಸಮ್ಮ.

ಅವನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ನೀಲಿಗಟ್ಟಿದಾಗ ಮಂಡಿ ಮಡಿಸಿ ಎದೆಗೆ ಒತ್ತಿ ಹಿಡಿಯಬೇಕೆಂದು ತಾನೇ ತೋರಿಸಿಕೊಟ್ಟ. ಆದರೆ ಆಪರೇಶನ್ ಮಾಡುವ ಕಡೆ ಹೋದಾಗ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿ ವಾಪಸು ಕಳಿಸಿದರು. ಹದಿನೈದು ಕಿಲೋ ಆಗಲಿ, ಆಮೇಲೆ ಬಾ. ಚೀಟಿಯಲ್ಲಿ ಬರೆದಿದ್ದರು: ಹಾಲು, ತತ್ತಿ, ಹಣ್ಣು.

ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ಅವರೂರಿನ ಕಲ್ಯಾಣಪ್ಪ ಇದ್ದ. ಊರೊಳಗಿನವನು. ಕಾಯಂ ನೌಕರಿ, ಕಂಪನಿ ಮನೆ. ಭಾನುವಾರ ಶರಣಬಸಮ್ಮ ಅವನ ಮನೆಯ ಹಿತ್ತಲಲ್ಲಿ ಹಾಸಿಗೆ ಬಟ್ಟೆ ಒಗೆಯಲು ಹೋಗುತ್ತಿದ್ದಳು. ಅವನ ಮಗನ ಎದೆಯ ನಡುವೆ ಉದ್ದ ಗಾಯದ ಗೆರೆ ಇತ್ತು. ಅವನಿಗೂ ತೂತೇ. ಹುಟ್ಟಿದ ಎರಡನೆಯ ತಿಂಗಳಿಗೇ ಕಂಪನಿ ಡಾಕ್ಟರು ಹಿಡಿದಿದ್ದರು. ಕಂಪನಿಯೇ ರೈಲಿನ ಟಿಕೀಟು ಕೊಟ್ಟು ದೂರದ ದವಾಖಾನೆಗೆ ಕಳಿಸಿತ್ತು. ಈಗ ಆ ಹುಡುಗ ಗೇಟಿನ ಕಂಬ ಹತ್ತುತ್ತಿದ್ದ.

“ನಿನ್ನ ಮಗಳಿಗೂ ಮಾಡಸಬೇಕಿತ್ತು ನೋಡು, ಸಣ್ಣಾಕಿ ಇದ್ದಾಗನ,” ಎಂದಳು ಕಲ್ಯಾಣಪ್ಪನ ಹೆಂಡತಿ ಸುಭದ್ರಾ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ತನ್ನ ಮಗನನ್ನು ಕಂಪನಿ ಕಳಿಸಿತು ಎಂಬುದು ಅವಳಿಗೆ ಬಿಸಿಲು ಬಿದ್ದಷ್ಟೇ ಸಹಜವಾಗಿತ್ತು.

ಶರಣಬಸಮ್ಮ ಹಿಂಡುತ್ತಿದ್ದ ಚಾದರವನ್ನು ಇನ್ನೊಂದು ಸುತ್ತು ತಿರುವಿದಳು. “ಹೂಂ, ಮಾಡಸಬೇಕಿತ್ರಿ ಅಕ್ಕಾರ,” ಎಂದಳು.

ದಿನಕ್ಕೊಂದು ತತ್ತಿ ಎಂದು ಶುರು ಮಾಡಿದರು. ಶಾಂತಪ್ಪ ಬೀಡಿ ಬಿಟ್ಟ. ಶರಣಬಸಮ್ಮ ರಾತ್ರಿಯ ಊಟ ಅರ್ಧ ಮಾಡಿದಳು. ವನಜಾಗೆ ತಿನ್ನುವುದೂ ಒಂದು ಕೂಲಿಯೇ. ಎರಡು ತುತ್ತಿಗೆ ದಣಿಯುತ್ತಿದ್ದಳು. ಮೂರನೆಯ ತುತ್ತು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದಳು. ತಿಂಗಳಿಗೊಮ್ಮೆ ಶರಣಬಸಮ್ಮ ಅವಳನ್ನು ಕಾರ್ಖಾನೆಗೆ ಎತ್ತಿಕೊಂಡು ಬಂದು ಗುಜರಿ ಕಬ್ಬಿಣ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದಳು. ಹನ್ನೊಂದು. ಹನ್ನೊಂದು. ಹನ್ನೊಂದೂವರೆ. ಮೇಸ್ತ್ರಿ ಬೈದ: ಇದು ಮಾಲು ತೂಗೋ ಕಾಟಾ. ಮಗಳನ್ನು ಇಳಿಸಿದಳು. ಅದೇ ಜಾಗದಲ್ಲಿ ಪಂಪಿನ ಎರಕ ಇಟ್ಟರು. ಮುಳ್ಳು ಇಪ್ಪತ್ತರ ಆಚೆ ಹೋಯಿತು.

ಮರುವರ್ಷ ಏಪ್ರಿಲಿನಲ್ಲಿ ನರಹರಿ ತಾನಾಗಿಯೇ ಹೇಳಿಕಳಿಸಿ ಕರೆಸಿಕೊಂಡ.

“ನೋಡವ್ವಾ, ನಿನ್ನ ಮಗಳ ಎದಿ ಸಪ್ಪಳ ಭಾಳ ಛಲೋ ಕೇಳಸ್ತೈತಿ. ಡಾಕ್ಟರ್ ಹುಡುಗರ ಪರೀಕ್ಷಾ ನಡದಾವ. ಇಂಥಾ ಕೇಸ್ ಬೇಕಾಗ್ಯಾವ. ನಾಕು ದಿನ ಇಲ್ಲೇ ಇರ್ರಿ. ಊಟ ಕೊಡ್ತಾರ, ಬಸ್ ಚಾರ್ಜ್ ಕೊಡ್ತಾರ. ದೊಡ್ಡ ಸರ್‌ಗೆ ಹೇಳಿ ಆಪರೇಶನ್ ಲಿಸ್ಟಿನಾಗ ಹೆಸರು ಹಾಕಸ್ತೀನಿ.”

“ತೂಕ ಕಮ್ಮಿ ಅಂದಿದ್ರಲ್ರಿ ಸಾಬ್ರ?”

“ಸರ್ ಮನಸ್ಸು ಮಾಡಿದ್ರ ನಡೀತೈತಿ.”

ನಿನ್ನೆಯವರೆಗೂ ಮಗಳ ತೂಕ ತಪ್ಪಾಗಿತ್ತು. ಇವತ್ತು ಮಗಳ ಸಪ್ಪಳ ಛಲೋ ಆಗಿತ್ತು. ಬಾಂಡ್ಲಿ ಕೈಬಿಡದಿರಲೆಂದು ಶಾಂತಪ್ಪನನ್ನು ಬದಲಿಗೆ ಕಳಿಸಿ, ಶರಣಬಸಮ್ಮ ನಾಲ್ಕು ಹಾಜರಿ ಬಿಟ್ಟು ಹೋದಳು.

ವಾರ್ಡಿನ ಪಕ್ಕದ ಉದ್ದ ಕೋಣೆಯಲ್ಲಿ ಏಳು ಮಕ್ಕಳನ್ನು ಇಟ್ಟಿದ್ದರು. ಫ್ರಾಕಿಗೆ, ಅಂಗಿಗೆ ನಂಬರಿನ ಚೀಟಿ ಚುಚ್ಚಿದ್ದರು. ವನಜಾ ನಾಲ್ಕು. ಮೂರನೆಯ ನಂಬರಿನವನು ನಲ್ಗೊಂಡ ಕಡೆಯ ಜಯಮ್ಮನ ಮಗ, ಹೊಟ್ಟೆ ಊದಿ ಹೊಕ್ಕುಳ ಹೊರಬಂದಿದ್ದ ಹುಡುಗ. ಜಯಮ್ಮ ತೆಲುಗಿನಲ್ಲಿ ಕೇಳುತ್ತಿದ್ದಳು, ಇವಳು ಕನ್ನಡ ಬೆರೆಸಿ ಹೇಳುತ್ತಿದ್ದಳು. ರೋಗದ ಹೆಸರನ್ನು ಪರೀಕ್ಷೆ ಕೊಡುವ ಹುಡುಗರಿಗೆ ಹೇಳಕೂಡದು ಎಂದು ಆಯಾ ಎಲ್ಲ ತಾಯಂದಿರಿಗೂ ತಾಕೀತು ಮಾಡಿ ಹೋಗಿದ್ದಳು.

ಮೊದಲ ಮೂರು ದಿನ ಓದುವ ಹುಡುಗರು ಬಂದು ಕೈ ಪಳಗಿಸಿಕೊಂಡರು. ಒಬ್ಬರಾದ ಮೇಲೆ ಒಬ್ಬರು. ಫ್ರಾಕು ಮೇಲೆತ್ತು. ಉಸಿರು ಹಿಡಿ. ಬಿಡು. ಮಗ್ಗುಲಾಗು. ಬೆರಳಿನ ತುದಿ ಒತ್ತಿ ನೋಡುವರು, ನಾಲಿಗೆ ಎಳೆದು ನೋಡುವರು. ತಾಯಿಗೆ ಎಲ್ಲರದೂ ಅದೇ ಪ್ರಶ್ನೆ. ಸೋದರಮಾವನನ್ನು ಮದುವೆಯಾಗಿದ್ದೀಯಾ? ಬಸುರಿದ್ದಾಗ ಜ್ವರ ಬಂದಿತ್ತಾ? ಏನಾದರೂ ಮದ್ದು ತಿಂದಿದ್ದೆಯಾ? ಬಸುರು ಇಳಿಸಲು ನೋಡಿದ್ದೆಯಾ? ಆ ಕೊನೆಯ ಪ್ರಶ್ನೆ ಅವಳಿಗೆ ದಿನಕ್ಕೆ ಹತ್ತು ಸಲ ಬಂತು. ಬಸುರಿದ್ದಾಗ ಏನು ಹೊತ್ತೆ ಎಂದು ಒಬ್ಬನೂ ಕೇಳಲಿಲ್ಲ.

ನಾಲ್ಕನೆಯ ದಿನ ಪರೀಕ್ಷೆ. ಹೊರಗಿನ ಊರಿಂದ ಪರೀಕ್ಷಕರು ಬಂದಿದ್ದರು. ಮೊದಲ ಹುಡುಗ ವನಜಾಳ ಎದುರು ಬಂದ. ಪರೀಕ್ಷಕರು ಇನ್ನೂ ಮೊದಲ ಮಂಚದ ಬಳಿ ಇದ್ದರು. ಅವನು ಬಗ್ಗಿ, “ಅಮ್ಮಾ, ಪಾಪಕು ಏಮಿ ಜಬ್ಬು?” ಎಂದು ತೆಲುಗಿನಲ್ಲಿ ರೋಗದ ಹೆಸರು ಪಿಸುಮಾತಿನಲ್ಲಿ ಕೇಳಿದ. ಆ ಇಂಗ್ಲಿಷ್ ಹೆಸರು ಕೇಳಿ ಕೇಳಿ ಶರಣಬಸಮ್ಮನಿಗೆ ಬಾಯಿಗೆ ಬಂದಿತ್ತು.

“ಟೆಟ್ರಾಲಜಿ,” ಎಂದಳು.

ಅವನು ಕೈ ಮುಗಿದ. ಹೈದರಾಬಾದಿನಲ್ಲಿ ಅವಳಿಗೆ ಕೈ ಮುಗಿದ ಮೊದಲನೆಯವನು. ಹೆಸರು ಗೊತ್ತಾಗಿ ಇವನು ಡಾಕ್ಟರಾಗುತ್ತಾನೆ, ಹೆಸರು ಗೊತ್ತಿದ್ದು ನನಗೇನಾಯಿತು ಎಂದುಕೊಂಡಳು.

ಪರೀಕ್ಷಕ ಬಂದ. ಬಿಳಿ ಕೂದಲಿನ ದೊಡ್ಡ ಮನುಷ್ಯ. ಹುಡುಗ ಹೇಳಿದ್ದನ್ನು ಕೇಳಿ, ಮಗು ದಣಿದಾಗ ಏನು ಮಾಡುತ್ತದೆ ಎಂದು ಕೇಳಿದ. ಹುಡುಗ ಉತ್ತರ ಹೇಳಿದ. ಪರೀಕ್ಷಕ ಆಯಾಗೆ ಕೈ ಮಾಡಿದ: “ಬಚ್ಚೀಕೋ ಥೋಡಾ ದೌಡಾವ್.”

ವನಜಾ ತಾಯಿಯ ಮುಖ ನೋಡಿದಳು. ಶರಣಬಸಮ್ಮನೇ ತಲೆಯಾಡಿಸಿದಳು. ಲಿಸ್ಟು, ಎಂದುಕೊಂಡಳು. ಮಗಳು ಕೋಣೆಯ ಆ ತುದಿಗೆ ಓಡಿದಳು. ಬರುವಾಗ ಅರ್ಧದಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ತುಟಿ ನೀಲಿಯಾಯಿತು. ಪರೀಕ್ಷಕ ಬೆರಳು ಮಾಡಿ ತೋರಿಸಿದ. ಎಲ್ಲರೂ ಬಗ್ಗಿ ನೋಡಿದರು. ಮಗುವನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಎರಡನೆಯ ಹುಡುಗ ಬಂದಾಗಲೂ ವನಜಾಳನ್ನು ಓಡಿಸಿದರು. ಆಗಲೂ ಶರಣಬಸಮ್ಮ ತಲೆಯಾಡಿಸಿದಳು. ಈ ಸಲ ಕುಳಿತ ವನಜಾಗೆ ಏಳಲು ಬಹಳ ಹೊತ್ತು ಹಿಡಿಯಿತು. ತಾಯಿ ಓಡಿಹೋಗಿ ಮಂಡಿ ಮಡಿಸಿ ಎದೆಗೆ ಒತ್ತಿ ಹಿಡಿದಳು. ಮಗಳ ಗುಂಡಿಗೆ ತನ್ನ ಅಂಗೈಗೆ ಒದೆಯುತ್ತಿತ್ತು. ಕಣ್ಣು ಬಿಟ್ಟು ವನಜಾ ಕೇಳಿದಳು:

“ಯವ್ವಾ, ಛಲೋ ಓಡಿದ್ನಿಲ್ಲ?”

ಶರಣಬಸಮ್ಮನಿಗೆ ಸಿಟ್ಟು ಬಂತು. ಮೊದಲು ತನ್ನ ಮೇಲೆಯೇ ಬಂತು. ಎರಡು ಸಲ ಆಡಿಸಿದ ತಲೆ ತನ್ನದೇ.

ಮೂರನೆಯ ಹುಡುಗ ಬಂದ. ಆಯಾ ಮಗುವಿನ ತೋಳು ಹಿಡಿದಳು.

“ಕೈ ಬಿಡು,” ಎಂದಳು ಶರಣಬಸಮ್ಮ. “ಇನ್ನ ಓಡಂಗಿಲ್ಲ ಆಕಿ.”

ಬಾಗಿಲಲ್ಲಿ ನಿಂತಿದ್ದ ನರಹರಿ ಓಡಿ ಬಂದ.

“ಏನವ್ವಾ ಇದು? ಇನ್ನ ಆರು ಮಂದಿ ಅದಾರ. ಸರ್ ನೋಡಾಕತ್ತಾರ.”

“ಲಿಸ್ಟಿನಾಗ ನನ್ನ ಮಗಳ ಹೆಸರು ಐತೇನ್ರಿ?”

“ಆಮ್ಯಾಲ ಮಾತಾಡೂಣು.”

“ಐತೋ ಇಲ್ಲೋ ಹೇಳ್ರಿ.”

ನರಹರಿ ನೆಲ ನೋಡಿದ. ಅವನು ದೊಡ್ಡ ಸರ್‌ಗೆ ಇನ್ನೂ ಕೇಳಿಯೇ ಇರಲಿಲ್ಲ. ಕೇಳುವ ಧೈರ್ಯ ಪರೀಕ್ಷೆ ಮುಗಿದ ಮೇಲೆ ಬಂದೀತೆಂದು ಕಾದಿದ್ದ.

ಶರಣಬಸಮ್ಮ ಫ್ರಾಕಿನ ನಂಬರು ಕಿತ್ತಳು. ಗುಂಡಿ ಹಾಕಿದಳು. ಮಗಳನ್ನು ಎತ್ತಿಕೊಂಡು ಹೋಗಿ ಕೋಣೆಯ ಬಾಗಿಲಿಗೆ ಅಡ್ಡ ಕುಳಿತಳು. ಎರಡು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಕೂಲಿಯವರೆಲ್ಲ ಹೀಗೇ ಬಾಗಿಲಿಗೆ ಅಡ್ಡ ಕುಳಿತಿದ್ದರು, ಭಟ್ಟಿ ಕಾದು ಕಬ್ಬಿಣ ಕರಗಿದ ಹೊತ್ತು ನೋಡಿ. ಕರಗಿದ ಕಬ್ಬಿಣ ಕಾಯುವುದಿಲ್ಲ, ಮಾಲೀಕ ಹತ್ತು ನಿಮಿಷದಲ್ಲಿ ಮಾತಿಗೆ ಬಂದಿದ್ದ. ಪರೀಕ್ಷಕನಿಗೆ ಸಂಜೆಯ ರೈಲು ಇದೆಯೆಂದು ಆಯಾ ಬೆಳಿಗ್ಗೆ ಹೇಳಿದ್ದು ಅವಳಿಗೆ ನೆನಪಿತ್ತು.

ಜಯಮ್ಮ ಒಂದು ಕ್ಷಣ ನೋಡಿದಳು. ಆಮೇಲೆ ಮಗನ ಅಂಗಿಯ ನಂಬರು ತೆಗೆದು ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಇನ್ನೊಬ್ಬಳು. ಕೊನೆಗೆ ಐದು ಮಂದಿ. ಇಬ್ಬರು ಹೆದರಿ ಮಂಚದ ಬಳಿಯೇ ನಿಂತರು.

ದೊಡ್ಡ ಸರ್ ಬಂದ. ಮೊದಲು ಗದರಿಸಿದ. ಸರ್ಕಾರದ ಅನ್ನ ತಿಂದು ಹೀಗೆ ಮಾಡುತ್ತೀರಾ ಎಂದ. ಪೊಲೀಸರನ್ನು ಕರೆಸುತ್ತೇನೆ ಎಂದ.

“ಬುಲಾವ್,” ಎಂದಳು ಶರಣಬಸಮ್ಮ. “ಉನ್ಕೋ ಭೀ ದಿಖಾತೂಂ ಮೇರಿ ಬಚ್ಚೀಕೋ.” ಪೊಲೀಸರಿಗೂ ಮಗಳನ್ನು ತೋರಿಸಲು ತಯಾರಿದ್ದಳು.

ನರಹರಿ ಬಗ್ಗಿ ಕಿವಿಯ ಬಳಿ ಹೇಳಿದ, “ನನ್ನ ಮರ್ಯಾದಿ ಕಳದಿ ನೀ. ನಾ ನಿನಗ ಒಳ್ಳೇದ ಮಾಡಾಕ ಹೋಗಿದ್ದೆ.”

“ನಿಮ್ಮದು ಮರ್ಯಾದಿ ಹೋತ್ರಿ. ನನ್ನ ಮಗಳದು ಜೀವ ಹೊಂಟೈತಿ. ಯಾವುದು ದೊಡ್ಡದು, ನೀವು ಓದಿದವರು, ನೀವ ಹೇಳ್ರಿ.”

ಪರೀಕ್ಷಕ ಗಡಿಯಾರ ನೋಡಿದ. ದೊಡ್ಡ ಸರ್‌ನೊಂದಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಒಂದು ಮೇಜು ತರಿಸಿದರು. ಏಳು ಮಕ್ಕಳ ಚೀಟಿಯ ಮೇಲೂ ದೊಡ್ಡ ಸರ್ ತನ್ನ ಕೈಯಾರೆ ಚಿಕಿತ್ಸೆಯ ತಾರೀಖು ಬರೆದ. ಹೆದರಿ ನಿಂತಿದ್ದ ಇಬ್ಬರ ಮಕ್ಕಳಿಗೂ ಬರೆಯಲೇಬೇಕು ಎಂದು ಶರಣಬಸಮ್ಮ ಹಟ ಹಿಡಿದಳು. ವನಜಾಗೆ ಆಪರೇಶನ್, ತೂಕ ಎಷ್ಟಿದ್ದರೂ ಸರಿ, ನವೆಂಬರ್ ಇಪ್ಪತ್ತೆರಡು. ಅದಕ್ಕಿಂತ ಮುಂಚೆ ಜಾಗವಿಲ್ಲ ಎಂದ. ನರಹರಿಯ ಕೈಯಲ್ಲಿ ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಬಾಗಿಲು ಬಿಟ್ಟಳು. ಉಳಿದ ಹುಡುಗರು ವನಜಾಳನ್ನು ಮಲಗಿಸಿಯೇ ಪರೀಕ್ಷೆ ಮಾಡಿದರು.

ಆ ದಿನದ ಊಟ ಅವರಿಗೆ ಕೊಡಲಿಲ್ಲ. ಬಸ್ ಚಾರ್ಜೂ ಕೊಡಲಿಲ್ಲ.

ಮನೆಗೆ ಬಂದು ಶಾಂತಪ್ಪನಿಗೆ ಹೇಳಿದಾಗ ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಏಳು ತಿಂಗಳಾ?” ಎಂದ. “ಏಳು ತಿಂಗಳು ತಡೀತೈತೇನ ಕೂಸು?”

“ತಡೀಬೇಕು,” ಎಂದಳು.

ಜೂನಿನಲ್ಲಿ ಗುಜರಿ ಕಾಟಾದ ಮುಳ್ಳು ಹದಿಮೂರಕ್ಕೆ ಬಂತು. ಬೈಯುವ ಮೇಸ್ತ್ರಿಯೇ ಬಗ್ಗಿ ನೋಡಿ, “ಏ, ಏರೈತಲ್ಲ!” ಎಂದ. ಶರಣಬಸಮ್ಮ ಆ ದಿನ ಮರಳು ಹೊರುತ್ತ ತನಗೇ ಗೊತ್ತಿಲ್ಲದೆ ಹಾಡು ಗುನುಗಿದಳು.

ಜುಲೈಯ ಮೊದಲ ಮಳೆಗೆ ಓಣಿಯ ಮೋರಿ ತುಂಬಿತು. ನಲ್ಲಿಯ ಪೈಪು ಮೋರಿಯೊಳಗೇ ಹಾದುಹೋಗಿತ್ತು. ಮೂರು ವರ್ಷದಿಂದ ಅರ್ಜಿ ಕೊಟ್ಟಿದ್ದರು. ನೀರು ಹಳದಿ ಬಂತು. ಸಾಲಿನ ಅರ್ಧ ಮಕ್ಕಳಿಗೆ ವಾಂತಿ ಭೇದಿ. ಎರಡು ದಿನ ಮಲಗಿ ಮೂರನೆಯ ದಿನ ಎಲ್ಲರೂ ಎದ್ದು ಆಡಿದರು. ವನಜಾ ಏಳಲಿಲ್ಲ. ಮೈಯ ನೀರು ಇಂಗಿತ್ತು. ತುಟಿ, ನಾಲಿಗೆ, ಕಣ್ಣಿನ ಸುತ್ತ, ಎಲ್ಲ ನೀಲಿ. ಬೆಳಿಗ್ಗೆ ಏಳಕ್ಕೆ ಶಾಂತಪ್ಪ ಕುಂಟುತ್ತಲೇ ಎತ್ತಿಕೊಂಡು ಓಡಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶರಣಬಸಮ್ಮ ಜನರ ಕಾಲ ನಡುವೆ ನೆಲದ ಮೇಲೆ ಕುಳಿತಳು. ಮಗಳ ಮಂಡಿ ಮಡಿಸಿ ಎದೆಗೆ ಒತ್ತಿ ಹಿಡಿದಳು. ಎರ್ರಗಡ್ಡ ದಾಟುವವರೆಗೆ ಅಂಗೈಗೆ ಗುಂಡಿಗೆ ಬಡಿಯುತ್ತಿತ್ತು. ಆಮೇಲೆ ಬಡಿಯಲಿಲ್ಲ. ಅವಳು ಕೈ ತೆಗೆಯದೆ ಇನ್ನೂ ಎರಡು ಸ್ಟಾಪು ಹಾಗೇ ಕುಳಿತಿದ್ದಳು. ಶಾಂತಪ್ಪ ಬಗ್ಗಿ ಮಗಳ ಮುಖ ನೋಡಿದ. ಗಂಟೆಯ ಹಗ್ಗ ಎಳೆದ. ಇಳಿದು, ಎದುರು ಬದಿಗೆ ಹೋಗಿ, ಮನೆಯ ಕಡೆಯ ಬಸ್ಸಿಗೆ ನಿಂತರು.

ನವೆಂಬರ್ ಇಪ್ಪತ್ತೆರಡಕ್ಕೆ ಶರಣಬಸಮ್ಮ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಳು. ಚೀಟಿ ತೆಗೆದುಕೊಂಡಳು.

“ಎಲ್ಲಿಗೆ?” ಎಂದ ಶಾಂತಪ್ಪ.

“ದವಾಖಾನಿಗೆ.”

“ಯಾರನ್ನ ಕರಕೊಂಡು ಹೊಂಟಿ? ಹುಚ್ಚು ಹಿಡಿದೈತೇನ ನಿನಗ?”

“ತಾರೀಖು ನಮ್ದು,” ಎಂದಳು. “ಮಧ್ಯಾಹ್ನದ ಅರ್ಧ ಪಾಳಿಗೆ ಬರ್ತೀನಂತ ಮೇಸ್ತ್ರಿಗೆ ಹೇಳ್ರಿ.”

ದವಾಖಾನೆಯ ಕಿಟಕಿಯಲ್ಲಿ ಗುಮಾಸ್ತ ದಪ್ಪ ರಿಜಿಸ್ಟರ್ ತೆರೆದು ಹೆಸರು ಕೂಗುತ್ತಿದ್ದ. ಸಾಲಿನಲ್ಲಿ ನೂರು ಜನ. “ವನಜಾ, ಬಾಪ್ ಶಾಂತಪ್ಪ.” ಒಂದು ಸಲ ಕೂಗಿದ. ಇನ್ನೊಂದು ಸಲ ಕೂಗಿದ. ಶರಣಬಸಮ್ಮ ಜನರನ್ನು ಸರಿಸಿಕೊಂಡು ಕಿಟಕಿಗೆ ಬರುವಷ್ಟರಲ್ಲಿ ಅವನು ಕೆಂಪು ಶಾಯಿಯಲ್ಲಿ ಏನೋ ಗೀಚಿದ್ದ.

“ಕ್ಯಾ ಲಿಖೇ?” ಎಂದು ಕೇಳಿದಳು.

“ಗೈರ್ ಹಾಜಿರ್. ಬಚ್ಚೀ ಕಿಧರ್ ಹೈ?”

“ಮರ್ ಗಈ.”

ಗುಮಾಸ್ತ ಒಂದು ಕ್ಷಣ ಪೆನ್ನು ತಡೆದ. ಅಯ್ಯೋ ಎಂದ. ಆಮೇಲೆ ಹಾಳೆ ಮಗುಚಲು ಕೈಯಿಟ್ಟ. ಶರಣಬಸಮ್ಮ ಕಂಬಿಯೊಳಗಿಂದ ಕೈ ತೂರಿಸಿ ರಿಜಿಸ್ಟರಿನ ಮೇಲೆ ಅಂಗೈ ಊರಿದಳು. ಮರಳಿಗೆ, ಬಿಸಿಗೆ ಚರ್ಮ ದಡ್ಡುಗಟ್ಟಿದ ಕೈ.

“ಗೈರ್ ಹಾಜಿರ್ ನಕ್ಕೊ. ಮರ್ ಗಈ ಕರ್ಕೆ ಲಿಖೋ.”

ಅದಕ್ಕೆ ಖಾನೆ ಇಲ್ಲ ಎಂದ ಅವನು. ಬಂದವರು, ಬಾರದವರು, ಎರಡೇ ಖಾನೆ.

“ಹಂಗಾದ್ರ ಆಕಿ ಯಾವುದರಾಗ ಬರ್ತಾಳ?” ಶರಣಬಸಮ್ಮನ ಬಾಯಿಂದ ಕನ್ನಡವೇ ಬಂತು. ಆಮೇಲೆ ಅವನ ಭಾಷೆಗೆ ತಿರುಗಿಸಿ ಒಂದೊಂದೇ ಮಾತು ಹೇಳಿದಳು. ನನ್ನ ಮಗಳು ಬಾರದೆ ಉಳಿದವಳಲ್ಲ. ಬರುತ್ತಿದ್ದಳು. ದಾರಿಯಲ್ಲೇ ಹೋದಳು. ನೀವು ಕೊಟ್ಟ ತಾರೀಖನ್ನು ಕಾಯುತ್ತ ಹೋದಳು. ಹಾಗಂತ ಬರಿ.

“ಕಾಯುತ್ತ ಅಂತ ಬರೆದರೆ ನನ್ನ ನೌಕರಿ ಹೋಗುತ್ತದೆ,” ಎಂದ ಗುಮಾಸ್ತ. ಸುಳ್ಳು ಹೇಳುತ್ತಿರಲಿಲ್ಲ.

ಅವಳು ಕೈ ತೆಗೆಯಲಿಲ್ಲ. ಹಿಂದಿನ ನೂರು ಜನರಲ್ಲಿ ಒಬ್ಬರೂ ಬೇಗ ಮಾಡು ಎನ್ನಲಿಲ್ಲ. ಜವಾನ ಬಂದು ರಟ್ಟೆ ಹಿಡಿದ. ಸಾಲಿನ ಇಬ್ಬರು ಗಂಡಸರು ಅವನ ಕೈ ಬಿಡಿಸಿದರು. ಗುಮಾಸ್ತ ಆಚೀಚೆ ನೋಡಿದ. ಕೆಂಪು ಅಕ್ಷರದ ಮೇಲೆ ಗೆರೆ ಹೊಡೆದು ನೀಲಿ ಶಾಯಿಯಲ್ಲಿ ಬರೆದ.

“ಪಢೋ,” ಎಂದಳು.

“ಆಪರೇಶನ್ ಕಾ ಇಂತಜಾರ್ ಕರ್ತೇ ಮರ್ ಗಈ,” ಎಂದು ಓದಿದ. ಆಪರೇಶನ್ ಕಾಯುತ್ತ ಸತ್ತಳು.

“ಜೋರಿಂದ.”

ಅವನು ಇನ್ನೊಮ್ಮೆ ಓದಿದ. ಸಾಲಿನ ಕೊನೆಯವರೆಗೂ ಕೇಳಿತು.

ಶರಣಬಸಮ್ಮ ಕೈ ತೆಗೆದಳು. ಪಾಳಿಗೆ ಇನ್ನೂ ಹೊತ್ತಿತ್ತು. ಈಗ ಹೊರಟರೆ ಬಸ್ಸು ಸಿಗುತ್ತಿತ್ತು. ಹಿಂದೆ ನಿಂತಿದ್ದ ಹೆಂಗಸು ಸೆರಗಿನಲ್ಲಿ ಸುತ್ತಿದ್ದ ಕೂಸಿನ ಮುಖ ತೆರೆದು ತೋರಿಸಿದಳು. ತುಟಿ ನೀಲಿ. ಕೈಯಲ್ಲೊಂದು ಚೀಟಿ.

“ಅಕ್ಕಾ,” ಎಂದಳು ತೆಲುಗಿನಲ್ಲಿ, “ನನಗೆ ಮುಂದಿನ ಆಗಸ್ಟು ಅಂದಿದ್ದಾರೆ.”

ಶರಣಬಸಮ್ಮ ಆ ಚೀಟಿ ಇಸಿದುಕೊಂಡಳು. ತಿರುಗಿ ಕಿಟಕಿಗೆ ಹೋಗಿ ಗುಮಾಸ್ತನ ಮುಂದೆ ಇಟ್ಟಳು. ದೊಡ್ಡ ಸರ್‌ನನ್ನು ಕರೆಸು ಎಂದಳು. ಆ ದಿನ ಅವಳು ಪಾಳಿಗೆ ಹೋಗಲಿಲ್ಲ.